ಕಡಲ ತಾಯಿ ಬೀದಿಗಿಳಿದ ದಿನ

ನನ್ನ ತಂಗಿ ಲಿಯಾನ್ ನಮ್ಮ ಮನೆಗೆ ಬಂದು ಎರಡು ವರ್ಷವಾಗುತ್ತಾ ಬಂದಿದ್ದರೂ ಒಮ್ಮೆಯೂ ಮುಂಬಾಗಿಲು ದಾಟಿರಲಿಲ್ಲ. ಹಳೆಯ ಅಧ್ಯಕ್ಷರ ಆಳ್ವಿಕೆ ಕುಸಿದ ಆ ಮೇ ತಿಂಗಳಲ್ಲಿ ಚೀನಿಯರ ಅಂಗಡಿಗಳನ್ನು ಹುಡುಕಿ ಸುಟ್ಟವರು ಸೋಲೋ ಊರಿನಲ್ಲಿದ್ದ ಅವಳ ಬಟ್ಟೆ ಅಂಗಡಿಗೂ ಬೆಂಕಿ ಹಚ್ಚಿದ್ದರು. ಅವಳು ಮಹಡಿಯಿಂದ ಹೆಂಚಿನ ಮೇಲೆ ತೆವಳಿಕೊಂಡು ಹೋಗಿ ಹಿಂದಿನ ಮನೆಯ ಅಂಗಳಕ್ಕೆ ಬಿದ್ದಳು. ಆ ಮನೆಯ ಜಾವಾದ ಹೆಂಗಸು ಬಣ್ಣ ಹಾಕಿ ಒಣಗಲು ಬಿಟ್ಟ ಬಟ್ಟೆಯ ರಾಶಿಯ ಕೆಳಗೆ ಅವಳನ್ನು ಮಲಗಿಸಿ, ಮೇಲೆ ತಾನೇ ಕೂತು ಕಾದಳಂತೆ. ಗಲಾಟೆ ತಣ್ಣಗಾದ ಮೇಲೆ ತರಕಾರಿ ಲಾರಿಯೊಂದರಲ್ಲಿ ಲಿಯಾನ್ ನಮ್ಮೂರು ಸೆಮಾರಾಂಗಿಗೆ ಬಂದಿಳಿದಾಗ ಅವಳ ಕೈಗಳಿಗೆ ಇನ್ನೂ ನೀಲಿ ಬಣ್ಣ ಅಂಟಿತ್ತು. ಗಂಡ ಅದಕ್ಕೂ ಮೊದಲೇ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ನಾನೊಬ್ಬಳೇ ದಿಕ್ಕು.

ನನ್ನದು ಚೀನಿಯರ ಕೇರಿಯಲ್ಲಿ ಲುಂಪಿಯಾ ಅಂಗಡಿ. ಕಳಲೆಯ ಪಲ್ಯವನ್ನು ತೆಳ್ಳನೆಯ ಹಾಳೆಯಲ್ಲಿ ಸುತ್ತಿ ಕರಿದು ಮಾರುತ್ತೇನೆ. ಮುಂದೆ ನಾನು ಕರಿಯುತ್ತಿದ್ದರೆ, ಹಿಂದಿನ ಅಡುಗೆಮನೆಯಲ್ಲಿ ಲಿಯಾನ್ ಕಳಲೆ ಹೆಚ್ಚಿ ಬೇಯಿಸುತ್ತಿದ್ದಳು. ಗಿರಾಕಿಗಳಿಗೆ ಅವಳ ಕೈರುಚಿ ಗೊತ್ತಿತ್ತೇ ಹೊರತು ಮುಖ ಗೊತ್ತಿರಲಿಲ್ಲ. ನಮ್ಮ ಮನೆಯ ಗೋಡೆಗೆ ಗೋಡೆ ಅಂಟಿಕೊಂಡೇ ಕಡಲ ತಾಯಿ ಮಾಕ್ಚೋಳ ಗುಡಿ. ಅಡುಗೆಮನೆಯ ಕಿಟಕಿ ಗುಡಿಯ ಹಿಂದಿನ ಅಂಗಳಕ್ಕೇ ತೆರೆಯುತ್ತದೆ. ಲಿಯಾನ್ ಆ ಕಿಟಕಿಯಿಂದಲೇ ತಾಯಿಗೆ ಊದುಬತ್ತಿ ಬೆಳಗಿ ಕೈಮುಗಿಯುತ್ತಿದ್ದಳು. ಪಕ್ಕದಲ್ಲೇ ಇರುವ ಗುಡಿಗೆ ಬೀದಿಯ ಮೇಲೆ ಹತ್ತು ಹೆಜ್ಜೆ ನಡೆದು ಹೋಗಲು ಅವಳಿಂದ ಆಗುತ್ತಿರಲಿಲ್ಲ. ನಾನೂ ಒತ್ತಾಯಿಸಲಿಲ್ಲ.

ಆ ವರ್ಷ ಹೊಸ ಅಧ್ಯಕ್ಷರು ನಿಷೇಧ ತೆಗೆದುಹಾಕಿದರು. ನಾನು ಮದುವೆಯಾಗದ ಹುಡುಗಿಯಾಗಿದ್ದ ಕಾಲದಿಂದ ಈ ದೇಶದಲ್ಲಿ ಚೀನಿಯರ ಹಬ್ಬ, ಕುಣಿತ, ಮೆರವಣಿಗೆ ಯಾವುದೂ ಬೀದಿಗೆ ಬರುವಂತಿರಲಿಲ್ಲ. ಗುಡಿಯೊಳಗೆ ಏನು ಬೇಕಾದರೂ ಮಾಡಿಕೊಳ್ಳಿ, ಬಾಗಿಲು ಮುಚ್ಚಿಕೊಂಡು ಮಾಡಿ ಎಂಬ ಕಟ್ಟಳೆ. ಅಷ್ಟೂ ವರ್ಷ ಮಾಕ್ಚೋ ತಾಯಿ ತನ್ನ ಪೀಠ ಬಿಟ್ಟು ಕದಲಿರಲಿಲ್ಲ. ಅದಕ್ಕೂ ಮೊದಲು ಪ್ರತಿ ಬಾರಿ ನಮ್ಮ ಚೀನಿಯರ ಹೊಸ ವರ್ಷದ ಮೊದಲ ಹುಣ್ಣಿಮೆಯಂದು ಅವಳು ಪಲ್ಲಕ್ಕಿಯಲ್ಲಿ ಕಾಲುವೆಯ ಸೇತುವೆ ದಾಟಿ, ಆಚೆ ದಡದ ಜಾವಾದವರ ಕೇರಿ ಹಾದು, ಬಂದರಿನ ಬಳಿ ಇರುವ ತನ್ನ ಅಕ್ಕ ದೇವಿಯ ಗುಡಿಗೆ ಹೋಗಿ ಬರುತ್ತಿದ್ದಳು. ಮುಂದೆ, ಇಬ್ಬರು ಒಳಗೆ ಸೇರಿ ಆಡಿಸುವ ಬಟ್ಟೆಯ ಸಿಂಹ ಕುಣಿಯುತ್ತಿತ್ತು. ಸಿಂಹದ ಹಿಂದೆ ನಗಾರಿ ಬಾರಿಸುತ್ತಿದ್ದವರು ನಮ್ಮಪ್ಪ.

ಗುಡಿಯ ಯಜಮಾನರಾದ ಎಂಪೆಕ್ ಸಿಯೊಂಗ್ ಒಂದು ಬೆಳಿಗ್ಗೆ ನನ್ನ ಅಂಗಡಿಗೆ ಬಂದರು. ಎಂಬತ್ತು ದಾಟಿದ ಮನುಷ್ಯ. ಕೇರಿಯ ಎಲ್ಲರಿಗೂ ಅವರು ಎಂಪೆಕ್, ಅಂದರೆ ದೊಡ್ಡಪ್ಪ. ಲುಂಪಿಯಾ ಬೇಡವೆಂದರು, ಚಹಾ ಬೇಡವೆಂದರು. ಕೊನೆಗೆ ಬಾಣಲೆಯ ಕಡೆ ನೋಡುತ್ತಾ ಹೇಳಿದರು.

"ಕಿಮ್, ಈ ಹುಣ್ಣಿಮೆಗೆ ತಾಯಿ ಹೊರಗೆ ಬರ್ತಾಳೆ. ನಗಾರಿ ನಿಂದು."

ಕೇರಿಯಲ್ಲಿ ಗಂಡಸರಿಲ್ಲವೇ ಎಂದು ಕೇಳಿದೆ. ಗಂಡಸರಿದ್ದಾರೆ, ಆದರೆ ನಗಾರಿಯ ಪಾಠ ಗೊತ್ತಿರುವವರು ಯಾರೂ ಉಳಿದಿಲ್ಲ ಎಂದರು. ಅದು ನಿಜವೇ. ನಿಷೇಧ ಬಂದ ಮೇಲೆ ಅಪ್ಪನ ಜೊತೆ ಬಾರಿಸುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಬಿಟ್ಟರು. ಅಪ್ಪನಿಗೆ ಬಿಡಲಾಗಲಿಲ್ಲ. ಗಂಡು ಮಕ್ಕಳಿಲ್ಲದ ಆ ಮನುಷ್ಯ ಸಂಜೆ ಅಂಗಡಿ ಮುಚ್ಚಿದ ಮೇಲೆ ನಮ್ಮಿಬ್ಬರನ್ನು ಊಟದ ಮೇಜಿನ ಮುಂದೆ ಕೂರಿಸುತ್ತಿದ್ದರು. ಮೇಜು ನನಗೆ ನಗಾರಿ. ಲಿಯಾನಳಿಗೆ ಎರಡು ಪಾತ್ರೆ ಮುಚ್ಚಳ ಕೊಟ್ಟು ತಾಳ ಹಾಕಿಸುತ್ತಿದ್ದರು. ಮುಚ್ಚಳಕ್ಕೆ ಬಟ್ಟೆ ಸುತ್ತಿರುತ್ತಿದ್ದೆವು, ಬೀದಿಗೆ ಕೇಳಬಾರದೆಂದು. ಹಾಗೆ ಕಲಿತ ವಿದ್ಯೆ. ಅದನ್ನು ಒಂದು ದಿನ ಬಯಲಲ್ಲಿ ಬಾರಿಸುತ್ತೇನೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಆಗಲಿ ಎಂದೆ. ಎಂಪೆಕ್ ಹೋದ ಮೇಲೆ ಸೌಟಿನಿಂದ ಬಾಣಲೆಯ ಅಂಚಿಗೆ ಹಳೆಯ ಗತ್ತು ಬಡಿಯುತ್ತಾ ನಿಂತೆ, ಎಣ್ಣೆಯಲ್ಲಿದ್ದದ್ದೆಲ್ಲ ಸೀದುಹೋಯಿತು.

ನಗಾರಿಯೇನೋ ಸಿಕ್ಕಿತು, ಕುಣಿಯುವವರು ಸಿಗಲಿಲ್ಲ. ಕೇರಿಯ ಮನೆಮನೆಗೂ ಹೋಗಿ ಹುಡುಗರನ್ನು ಕೇಳಿದೆವು. ಒಬ್ಬ ತಾಯಿ ಮಗನಿಗೆ ಪರೀಕ್ಷೆ ಎಂದಳು, ಇನ್ನೊಬ್ಬಳು ಬೆನ್ನುನೋವು ಎಂದಳು. ಮೂರನೆಯವಳು ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: ಈಗ ತಾನೇ ಊರುಗಳು ಉರಿದು ಆರಿವೆ, ನನ್ನ ಮಗನಿಗೆ ಸಿಂಹದ ತಲೆ ಹೊರಿಸಿ ಬೀದಿಗೆ ಕಳಿಸುವ ಧೈರ್ಯ ನನಗಿಲ್ಲ. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ.

ಮರುದಿನ ನಾನು ಸೇತುವೆ ದಾಟಿ ಆಚೆ ಕೇರಿಗೆ ಹೋದೆ. ಅಲ್ಲಿ ಪಾಕ್ ದರ್ಮಾಜಿ ಎಂಬವರು ಸಿಲಾತ್ ಎಂಬ ಕಾದಾಟದ ವರಸೆ ಕಲಿಸುತ್ತಾರೆ. ಅಲ್ಲಿಯವರು ಹಿರಿಯರನ್ನು ಪಾಕ್ ಎಂದೇ ಕರೆಯುವುದು. ಅವರ ಶಿಷ್ಯರು ಗಾಳಿಯಲ್ಲಿ ಪಲ್ಟಿ ಹೊಡೆದು ಬೆಕ್ಕಿನ ಹಾಗೆ ಇಳಿಯುವುದನ್ನು ನಾನು ನೋಡಿದ್ದೆ. ನನ್ನ ಮಾತನ್ನೆಲ್ಲ ಕೇಳಿಸಿಕೊಂಡು ಅವರು ಮೀಸೆ ತೀಡಿಕೊಂಡರು.

"ತಾಚಿ, ನಮ್ಮ ಹುಡುಗ್ರು ನಿಮ್ಮ ದೇವರಿಗೆ ಅಡ್ಡಬೀಳ್ಬೇಕಾ?" ಎಂದು ಕೇಳಿದರು. ಅಕ್ಕ ಎನ್ನುವುದಕ್ಕೆ ನಮ್ಮವರು ಹೇಳುವ ತಾಚಿ ಎಂಬ ಮಾತನ್ನೇ ಅವರೂ ಬಳಸಿದರು.

"ಸಿಂಹ ಅಡ್ಡಬೀಳತ್ತೆ ಪಾಕ್. ಒಳಗಿರೋರು ಬರೀ ಬೆನ್ನು ಬಗ್ಗಿಸಿದ್ರೆ ಸಾಕು."

"ನಮ್ಮ ಅಜಾನ್ ಕೂಗೋ ಹೊತ್ತಿಗೆ?"

"ನಗಾರಿ ನಿಲ್ಲತ್ತೆ. ಮತ್ತೆ ನೀವು ಹೇಳೋವರೆಗೂ ಬಾರಿಸಲ್ಲ."

ಆಗ ಅವರು ನಕ್ಕರು. ಚಿಕ್ಕಂದಿನಲ್ಲಿ ತಮ್ಮಮ್ಮನ ಸೊಂಟದ ಮೇಲೆ ಕೂತು ಆ ಸಿಂಹವನ್ನು ನೋಡಿ ಹೆದರಿ, ಅಮ್ಮನ ಬಟ್ಟೆ ಒದ್ದೆ ಮಾಡಿದ್ದಾಗಿ ಹೇಳಿದರು. ಅಂಗಳದಲ್ಲಿ ಮೈ ಒರೆಸಿಕೊಳ್ಳುತ್ತಿದ್ದ ಇಬ್ಬರನ್ನು ಕರೆದರು. ಸಣಕಲನಾದ ವಿಜಿ ಸಿಂಹದ ತಲೆ, ಹೋರಿಯಂತಿದ್ದ ಪಾರ್ನೋ ಹಿಂಭಾಗ. ಪಾರ್ನೋಗೆ ತಾನು ಬಾಲ ಎಂದು ತಿಳಿದ ಕ್ಷಣದಿಂದ ವಿಜಿಯ ಬಾಯಿಗೆ ಬೀಗ ಬೀಳಲಿಲ್ಲ. "ನಿಂಗೇನಪ್ಪ, ದಾರಿ ನೋಡೋ ಕಷ್ಟ ಇಲ್ಲ, ನನ್ನ ಚಡ್ಡಿ ನೋಡ್ಕೊಂಡು ಬಾ" ಎಂದು ರೇಗಿಸುತ್ತಲೇ ಇದ್ದ.

ಗುಡಿಯ ಹಿಂದಿನ ಅಂಗಳದಲ್ಲಿ ಅಭ್ಯಾಸ ಶುರುವಾಯಿತು. ಬಿದಿರಿನ ಚೌಕಟ್ಟಿಗೆ ಕಾಗದ ಅಂಟಿಸಿ ಸಿಂಹದ ಹೊಸ ತಲೆ ಮಾಡಿಸಿದ್ದೆವು. ಕೆಂಪು ಹುಬ್ಬು, ಹೊರಳುವ ಕಣ್ಣು, ಗಡ್ಡಕ್ಕೆ ಕುರಿಯ ಉಣ್ಣೆ. ಮಳೆ ಬಿಟ್ಟಾಗಲೆಲ್ಲ ಆ ಹುಡುಗರು ಬೆವರಿನಲ್ಲಿ ತೊಯ್ದು ಕುಣಿದರು. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ಹಾನ್ ಎಂಬ ನಮ್ಮವನೊಬ್ಬ ಕಂಚಿನ ತಾಳ ಹಿಡಿದ. ಒಳ್ಳೆಯ ಮನುಷ್ಯ, ಆದರೆ ತಾಳ ಹಾಕುವುದು ಬಾಗಿಲು ಬಡಿದ ಹಾಗೆ.

ಒಂದು ಮಧ್ಯಾಹ್ನ ನಾವು ಸಿಂಹ ನಿದ್ದೆಯಿಂದ ಏಳುವ ಗತ್ತನ್ನು ಬಾರಿಸುತ್ತಿದ್ದಾಗ ಕಿಟಕಿಯ ಸರಳಿನ ಹಿಂದಿನಿಂದ ಲಿಯಾನಳ ದನಿ ಬಂತು.

"ಅವಸರ ಮಾಡ್ತಿದ್ದೀಯ ತಾಚಿ. ಅದಿನ್ನೂ ಕಣ್ಣೇ ಬಿಟ್ಟಿಲ್ಲ, ಆಗಲೇ ಓಡಿಸ್ತಿದ್ದೀಯ."

ನಾನು ಕೋಲು ಹಿಡಿದುಕೊಂಡೇ, ಹಾಗಾದರೆ ಬಂದು ತಾಳ ಹಾಕು ಎಂದೆ. ಕಿಟಕಿಯ ಆಚೆ ಕಳಲೆ ಹೆಚ್ಚುವ ಸದ್ದು ಮತ್ತೆ ಶುರುವಾಯಿತು. ಆದರೆ ಆವತ್ತಿನಿಂದ ಅವಳ ಚಾಕು ಹಲಗೆಯ ಮೇಲೆ ಸರಿಯಾದ ಗತ್ತಿನಲ್ಲೇ ಬೀಳುತ್ತಿತ್ತು. ಹಾನ್‌ನ ತಾಳಕ್ಕಿಂತ ನಾನು ಆ ಚಾಕುವನ್ನೇ ನಂಬಿ ಬಾರಿಸತೊಡಗಿದೆ.

ಹಬ್ಬ ಹತ್ತಿರವಾದಂತೆ ಕೇರಿಯಲ್ಲಿ ಪಿಸುಗುಟ್ಟುವುದು ಹೆಚ್ಚಾಯಿತು. ಒಂದು ಸಂಜೆ ಬಣ್ಣದ ಅಂಗಡಿಯ ಹೋಕ್ ಜಿಯಾಂಗ್ ನಾಲ್ಕಾರು ಅಂಗಡಿಯವರನ್ನು ಕಟ್ಟಿಕೊಂಡು ನನ್ನಲ್ಲಿಗೆ ಬಂದ. ನನ್ನ ಓರಗೆಯವನು, ಚಿಕ್ಕಂದಿನಿಂದ ನೋಡಿದವನು. ಮೆರವಣಿಗೆಯನ್ನು ಗುಡಿಯೊಳಗೇ ಮುಗಿಸಿಬಿಡಿ ಎಂದು ಕೇಳಿದ. ಕಾನೂನು ಬದಲಾಗಿರಬಹುದು, ಜನ ಬದಲಾಗಿದ್ದಾರೋ ಇಲ್ಲವೋ ಯಾರಿಗೆ ಗೊತ್ತು ಎಂದ. ನಾವು ಇಷ್ಟು ದಿನ ತಲೆ ತಗ್ಗಿಸಿಕೊಂಡಿದ್ದಕ್ಕೇ ಬದುಕಿದ್ದೇವೆ ಎಂದ. ನಾನು ಏನೋ ಉತ್ತರ ಕೊಟ್ಟೆ, ಅವನು ದನಿ ಏರಿಸಿದ.

"ನಿಂಗೆ ಬೇರೆ ಉದಾಹರಣೆ ಬೇಕಾ ಕಿಮ್? ನಿನ್ನ ಮನೇಲೇ ಇದೆಯಲ್ಲ. ಆ ಲಿಯಾನ್‌ನ ನೋಡಿದ್ರೂ ಬುದ್ಧಿ ಬರಲ್ವಾ?"

ಒಳಗಿನ ಪರದೆ ಸರಿಯಿತು. ಲಿಯಾನ್ ಒದ್ದೆ ಕೈಯಲ್ಲೇ ಅಂಗಡಿಯ ಮುಂಭಾಗಕ್ಕೆ ಬಂದು ನಿಂತಳು. ಎರಡು ವರ್ಷದಲ್ಲಿ ಮೊದಲ ಸಲ. ಅವಳನ್ನು ನೋಡಿ ಹೋಕ್ ಜಿಯಾಂಗ್ ಒಂದು ಹೆಜ್ಜೆ ಹಿಂದೆ ಸರಿದ.

"ನನ್ನ ಹೆಸರು ತರಬೇಡ" ಎಂದಳು. ದನಿ ಏರಿರಲಿಲ್ಲ. "ನಾನು ನಗಾರಿ ಹೊಡೀತಿದ್ದೆ ಅಂತ ಅವರು ಬರ್ಲಿಲ್ಲ. ನಾನು ಸುಮ್ನೆ ಕೂತ್ಕೊಂಡು ಬಟ್ಟೆ ಅಳೀತಿದ್ದೆ. ಯಾರ ಮುಖಾನೂ ಎತ್ತಿ ನೋಡಿದವಳಲ್ಲ ನಾನು. ಆದ್ರೂ ಬಂದ್ರು."

ಲಿಯಾನ್ ಸೊಂಟಕ್ಕೆ ಕಟ್ಟಿದ್ದ ಅಡುಗೆ ಬಟ್ಟೆಗೆ ಕೈ ಒರೆಸಿಕೊಂಡು ಒಳಗೆ ಹೋದಳು. ಹೋಕ್ ಜಿಯಾಂಗ್ ಟೋಪಿ ಎತ್ತಿಕೊಂಡು ಹೊರಟ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯಿತ್ತು. ಆದರೂ ಭಯ ಅಷ್ಟು ಸುಲಭಕ್ಕೆ ಹೋಗುವಂಥದ್ದಲ್ಲ.

ಹುಣ್ಣಿಮೆಯ ಬೆಳಿಗ್ಗೆ ಬಿಸಿಲು ಚುರುಗುಟ್ಟುತ್ತಿತ್ತು. ಮಾಕ್ಚೋ ತಾಯಿಯನ್ನು ಪೀಠದಿಂದ ಎತ್ತಿ ಪಲ್ಲಕ್ಕಿಯಲ್ಲಿ ಕೂರಿಸುವಾಗ ಎಂಪೆಕ್ ಸಿಯೊಂಗ್ ಅಳುತ್ತಿದ್ದರು. ಅಷ್ಟು ವರ್ಷದ ಊದುಬತ್ತಿ ಹೊಗೆಗೆ ಅವಳ ಮುಖ ಕಪ್ಪಾಗಿ ಹೊಳೆಯುತ್ತಿತ್ತು. ಪಲ್ಲಕ್ಕಿ ಹೊರಲು ನಮ್ಮಲ್ಲಿ ಸಿಕ್ಕವರು ಎಲ್ಲರೂ ವಯಸ್ಸಾದವರು. ಪಾಕ್ ದರ್ಮಾಜಿ ತಮ್ಮ ಶಿಷ್ಯರಲ್ಲಿ ಕೆಲವರನ್ನು ಕರೆದು, ಇದು ಪೂಜೆಯಲ್ಲ, ಮುದುಕರಿಗೆ ಭಾರ ಹೊರುವ ಸಹಾಯ ಅಷ್ಟೇ ಎಂದು ಹೇಳಿ ಹೆಗಲು ಕೊಡಿಸಿದರು. ನಗಾರಿಯನ್ನು ತಳ್ಳುಗಾಡಿಯ ಮೇಲೆ ಕಟ್ಟಿದ್ದೆವು. ನಾನು ಅಡುಗೆಮನೆಗೆ ಹೋಗಿ ಲಿಯಾನ್‌ಗೆ ಹೊರಡುತ್ತೇನೆ ಎಂದು ಹೇಳಿದೆ. ಅವಳು ತಲೆಯಾಡಿಸಿದಳು. ಒಲೆ ಹಚ್ಚಿರಲಿಲ್ಲ, ಕಳಲೆ ಹೆಚ್ಚಿರಲಿಲ್ಲ. ಸುಮ್ಮನೆ ಮಣೆಯ ಮೇಲೆ ಕೂತಿದ್ದಳು.

ಗುಡಿಯ ಬಾಗಿಲು ತೆರೆದು ಹೊರಗೆ ಬಂದೆವು. ಬೀದಿ ಖಾಲಿ.

ಎರಡೂ ಕಡೆ ಅಂಗಡಿಗಳ ಹಲಗೆ ಬಾಗಿಲು ಭದ್ರವಾಗಿ ಮುಚ್ಚಿದ್ದವು. ಸೈಕಲ್ ರಿಕ್ಷಾಗಳೂ ಇಲ್ಲ, ನಾಯಿಗಳೂ ಇಲ್ಲ. ಬೀದಿಯ ತುದಿಯಲ್ಲಿ ಒಬ್ಬ ಪೊಲೀಸಿನವನು ಮಾತ್ರ ನಿಂತಿದ್ದ. ನಾನು ನಗಾರಿ ಬಾರಿಸಿದೆ. ಆ ಸದ್ದು ಮುಚ್ಚಿದ ಬಾಗಿಲುಗಳಿಗೆ ಬಡಿದು ನಮ್ಮ ಮೇಲೇ ವಾಪಸು ಬೀಳುತ್ತಿತ್ತು. ಸಿಂಹ ಯಾರೂ ಇಲ್ಲದ ಬೀದಿಯಲ್ಲಿ ಆಚೆ ಈಚೆ ತಲೆ ಹಾಕಿ ಕುಣಿಯಿತು. ಕುಣಿತಕ್ಕೆ ನೋಡುವವರು ಬೇಕು, ಇಲ್ಲದಿದ್ದರೆ ಎಂಥ ಸಿಂಹವೂ ಹರಿದ ಕಂಬಳಿಯಂತೆ ಕಾಣುತ್ತದೆ. ಒಳಗಿನಿಂದ ವಿಜಿ, "ತಾಚಿ, ಯಾರಿಗೆ ಕುಣೀತಿದ್ದೀವಿ ನಾವು?" ಎಂದು ಕೇಳಿದ. ತಾಯಿಗೆ ಎಂದೆ.

ಬೀದಿ ತಿರುಗಿದೊಡನೆ ಸೇತುವೆ ಕಾಣಿಸಿತು. ಸೇತುವೆಯ ಆಚೆ ಜನ.

ನನ್ನ ಜೀವಮಾನದಲ್ಲಿ ಅಷ್ಟು ಜನ ಅಷ್ಟು ಸುಮ್ಮನೆ ನಿಂತದ್ದನ್ನು ನೋಡಿರಲಿಲ್ಲ. ದಡದ ಉದ್ದಕ್ಕೂ, ಗೋಡೆಗಳ ಮೇಲೂ, ಲಾರಿಗಳ ಮೇಲೂ ಜನ. ಯಾರೂ ಕೂಗಲಿಲ್ಲ, ನಗಲಿಲ್ಲ. ಎಲ್ಲರ ಕಣ್ಣೂ ನಮ್ಮ ಮೇಲೆ. ನನ್ನ ಕೈ ತಾನಾಗಿಯೇ ನಿಂತಿತು. ಸಿಂಹ ನಿಂತಿತು. ಪಲ್ಲಕ್ಕಿಯೂ ನಿಂತಿತು. ನನ್ನ ಪಕ್ಕದಲ್ಲಿ ಹಾನ್ ತಾಳಗಳನ್ನು ಎದೆಗೆ ಅವಚಿಕೊಂಡ. ಹಿಂದಿರುಗೋಣ ಎಂದು ಯಾರೋ ಮೆಲ್ಲಗೆ ಹೇಳಿದರು. ನನ್ನ ಮನಸ್ಸಿನಲ್ಲೂ ಅದೇ ಇತ್ತು. ಸೋಲೋದಲ್ಲೂ ಹೀಗೇ ಮೊದಲು ಸುಮ್ಮನೆ ನಿಂತಿದ್ದರಂತೆ.

ಆಗ ನಮ್ಮ ಹಿಂದೆ, ಖಾಲಿ ಬೀದಿಯಲ್ಲಿ, ಚಪ್ಪಲಿಯ ಸಪ್ಪಳ ಕೇಳಿತು. ಅವಸರವಿಲ್ಲದ ಹೆಜ್ಜೆ. ತಿರುಗಿ ನೋಡಿದರೆ ಲಿಯಾನ್. ಮನೆಯೊಳಗೆ ಹಾಕುವ ರಬ್ಬರ್ ಚಪ್ಪಲಿ, ಸೊಂಟಕ್ಕೆ ಅಡುಗೆ ಬಟ್ಟೆ, ಬಿಳಿಚಿಕೊಂಡ ಮುಖ. ಬೀದಿಯ ನಟ್ಟನಡುವೆ ನಡೆದು ಬರುತ್ತಿದ್ದಳು. ಬಂದವಳೇ ಹಾನ್‌ನ ಎದುರು ಕೈ ಚಾಚಿದಳು. ಅವನು ಬಿಸಿ ಪಾತ್ರೆ ದಾಟಿಸಿದ ಹಾಗೆ ತಾಳಗಳನ್ನು ಕೊಟ್ಟುಬಿಟ್ಟ.

"ಯಾಕೆ ನಿಂತಿದ್ದು?" ಎಂದು ನನ್ನನ್ನು ಕೇಳಿದಳು.

"ಜನ" ಎಂದೆ.

ಅವಳು ಸೇತುವೆಯಾಚೆ ನೋಡಿದಳು. ಬಹಳ ಹೊತ್ತು ನೋಡಿದಳು.

"ಮಕ್ಕಳನ್ನ ಕರ್ಕೊಂಡು ಬಂದಿದ್ದಾರೆ ತಾಚಿ" ಎಂದಳು. "ಬೆಂಕಿ ಹಚ್ಚೋಕೆ ಬರೋರು ಮಗೂನ ಹೆಗಲ ಮೇಲೆ ಕೂರಿಸ್ಕೊಂಡು ಬರಲ್ಲ. ನಾನು ನೋಡಿದ್ದೀನಿ."

ಹಾಗೆಂದು ಎರಡೂ ತಾಳಗಳನ್ನು ತಲೆಯ ಮೇಲೆತ್ತಿ ಬಡಿದಳು. ಬಟ್ಟೆ ಸುತ್ತಿದ ಮುಚ್ಚಳದ ಮೇಲೆ ಕಲಿತ ಆ ಕೈ ಕಂಚಿನ ಮೇಲೆ ಬಿದ್ದಾಗ ಬಂದ ನಾದ ಕಾಲುವೆಯ ನೀರಿನ ಮೇಲೆ ಜಾರಿಕೊಂಡು ಆಚೆ ದಡ ಮುಟ್ಟಿತು. ಸಿಂಹ ಏಳುವ ಗತ್ತು. ನಾನು ನಗಾರಿಯಲ್ಲಿ ಉತ್ತರ ಕೊಟ್ಟೆ. ಈ ಸಲ ಅವಸರ ಮಾಡಲಿಲ್ಲ. ಸಿಂಹ ಒಂದು ಕಣ್ಣು ಬಿಟ್ಟಿತು, ಕಿವಿ ಕುಣಿಸಿತು, ಮೈ ಕೊಡವಿ ಎದ್ದು ನಿಂತು ಸೇತುವೆಯ ಮೇಲೆ ನೆಗೆಯಿತು. ನಾವೆಲ್ಲ ಅದರ ಹಿಂದೆ.

ಸೇತುವೆಯ ಕೊನೆಗೆ ಬಂದಾಗ ಜನರ ಮುಂದಿನ ಸಾಲಿನಿಂದ ಒಬ್ಬಳು ಮುದುಕಿ ಕೋಲೂರಿಕೊಂಡು ಹೊರಬಂದಳು. ಸಿಂಹದ ಮೂಗಿನ ಮೇಲೆ ಕೈಯಿಟ್ಟಳು.

"ಇಷ್ಟು ದಿನ ಎಲ್ಲಿ ಹೋಗಿದ್ಯೋ?" ಎಂದು ಅದನ್ನೇ ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿ, "ಬೆಳಿಗ್ಗೆಯಿಂದ ಕಾಯ್ತಿದ್ದೀವಿ ಕಣಮ್ಮ. ನಿಮ್ಮ ಬೀದಿ ಬಾಗಿಲೆಲ್ಲ ಮುಚ್ಚಿತ್ತು. ನಾವು ಬರೋದು ನಿಮಗೆ ಇಷ್ಟ ಇಲ್ವೇನೋ ಅಂತ ಇಲ್ಲೇ ನಿಂತ್ವಿ" ಎಂದಳು.

ನಾನು ನಕ್ಕೆನೋ ಅತ್ತೆನೋ ಗೊತ್ತಿಲ್ಲ. ಕೋಲುಗಳು ಮಾತ್ರ ನಿಲ್ಲಲಿಲ್ಲ. ಜನ ಎರಡಾಗಿ ಸರಿದು ದಾರಿ ಬಿಟ್ಟರು. ಪಲ್ಲಕ್ಕಿ ಹಾದುಹೋದೊಡನೆ ಮತ್ತೆ ಸೇರಿಕೊಂಡು ನಮ್ಮ ಹಿಂದೆಯೇ ನಡೆದರು. ಆ ಕೇರಿಯಲ್ಲಿ ಆವತ್ತು ಒಂದು ಬಾಗಿಲೂ ಮುಚ್ಚಿರಲಿಲ್ಲ. ಹೆಂಗಸರು ತಣ್ಣನೆಯ ಚಹಾ ತಂದು ಪಲ್ಲಕ್ಕಿ ಹೊತ್ತವರ ಬಾಯಿಗೇ ಹಿಡಿದರು. ಪ್ರಾರ್ಥನೆಯ ಕರೆ ಕೇಳಿದಾಗ ನಗಾರಿ ನಿಲ್ಲಿಸಿದೆವು. ವಿಜಿ, ಪಾರ್ನೋ, ಪಲ್ಲಕ್ಕಿಗೆ ಹೆಗಲು ಕೊಟ್ಟ ಹುಡುಗರು ಕೈಕಾಲು ತೊಳೆದು ನಮಾಜಿಗೆ ಹೋದರು. ಮಾಕ್ಚೋ ತಾಯಿ ಒಂದು ಹಲಸಿನ ಮರದ ನೆರಳಲ್ಲಿ ಅವರಿಗಾಗಿ ಕಾದಳು. ಆಚೀಚೆಯ ಮಕ್ಕಳು ಸಿಂಹದ ಗಡ್ಡ ಎಳೆದು ನೋಡುತ್ತಿದ್ದರು. ಲಿಯಾನ್ ಯಾರದ್ದೋ ಜಗುಲಿಯ ಮೇಲೆ ಕೂತು, ಯಾರೋ ಕೊಟ್ಟ ಬಾಳೆಹಣ್ಣು ತಿನ್ನುತ್ತಿದ್ದಳು.

ಬಂದರಿನ ಹತ್ತಿರ ಭರತದ ನೀರು ಎಂದಿನಂತೆ ರಸ್ತೆಗೆ ನುಗ್ಗಿತ್ತು. ಮೊಣಕಾಲಿಗೆ ಬರುವಷ್ಟು ನೀರು. ಪಲ್ಲಕ್ಕಿ ಹೇಗೆ ಹೋಗಬೇಕೆಂದು ಹಿರಿಯರು ಚರ್ಚೆಗೆ ನಿಂತರು. ಎಂಪೆಕ್ ಸಿಯೊಂಗ್ ಪ್ಯಾಂಟು ಮೇಲೆ ಮಡಚಿ, ಕಡಲ ತಾಯಿಗೆ ಕಡಲ ನೀರಿನ ಭಯವೇ ಎಂದು ಹೇಳಿ ಮೊದಲು ಇಳಿದೇಬಿಟ್ಟರು. ಅವರ ಹಿಂದೆ ಸಾವಿರ ಜನ ಇಳಿದರು. ಸಿಂಹ ನೀರು ಚಿಮ್ಮಿಸುತ್ತಾ ಕುಣಿಯಿತು. ಬಾಲವಾಗಿದ್ದ ಪಾರ್ನೋ, ತನಗೆ ಕಾಣುತ್ತಿರುವುದು ಬರೀ ಕೊಚ್ಚೆ ಎಂದು ಒಳಗಿನಿಂದ ಬೈಯುತ್ತಲೇ ಇದ್ದ. ಅಕ್ಕನ ಗುಡಿಯ ದೊಡ್ಡ ಬಾಗಿಲು ತೆರೆದಿತ್ತು. ಅಷ್ಟು ವರ್ಷಗಳ ಮೇಲೆ ತಂಗಿ ಅಕ್ಕನ ಮನೆ ಹೊಸ್ತಿಲು ತುಳಿದಳು. ಒಳಗಿನ ಜಾಗಟೆಗಳು ಒಟ್ಟಿಗೆ ಮೊಳಗಿದವು. ಸಿಂಹ ಮೂರು ಸಲ ಬಾಗಿತು.

ವಾಪಸು ನಮ್ಮ ಕೇರಿಗೆ ಬಂದಾಗ ನಮ್ಮ ಹಿಂದೆ ಎಷ್ಟು ಜನವೆಂದು ಹೇಳುವುದು ನನ್ನಿಂದ ಆಗದು. ಸದ್ದು ನಮಗಿಂತ ಮೊದಲೇ ತಲುಪಿತ್ತು. ಒಂದು ಹಲಗೆ ಸರಿಯಿತು. ಆಮೇಲೆ ಇನ್ನೊಂದು. ಆಮೇಲೆ ಬೀದಿಯುದ್ದಕ್ಕೂ ಬಾಗಿಲುಗಳು ದಡದಡನೆ ತೆರೆದುಕೊಂಡವು. ಪರೀಕ್ಷೆ ಎಂದಿದ್ದವಳ ಮಗ ಓಡಿಬಂದು ಪಲ್ಲಕ್ಕಿಗೆ ಹೆಗಲು ಕೊಟ್ಟ. ಬಣ್ಣದ ಅಂಗಡಿಯ ಮಹಡಿಯಲ್ಲಿ ಹೋಕ್ ಜಿಯಾಂಗ್ ನಿಂತಿದ್ದ. ಹಿಂದಿನ ಕಾಲದಲ್ಲಿ ಸಿಂಹಕ್ಕೆ ಉಣಿಸಲು ಮಾಡುತ್ತಿದ್ದ ಹಾಗೆ, ಬಿದಿರಿನ ತುದಿಗೆ ಸೊಪ್ಪಿನ ಕಟ್ಟು ಕಟ್ಟಿ ಕೆಳಗೆ ಇಳಿಬಿಟ್ಟಿದ್ದ. ಎರಡೂ ಕೈಯಲ್ಲಿ ಬಿದಿರನ್ನು ಬಿಗಿಹಿಡಿದಿದ್ದ.

ವಿಜಿ ಪಾರ್ನೋನ ಹೆಗಲೇರಿದ. ಸಿಂಹ ಎರಡು ಕಾಲ ಮೇಲೆ ಎದ್ದು ನಿಂತು, ಬಾಯಿ ತೆರೆದು ಸೊಪ್ಪು ಕಿತ್ತುಕೊಂಡು, ಜಗಿದು, ಮಹಡಿಯತ್ತಲೇ ಉಗುಳಿತು. ಹೋಕ್ ಜಿಯಾಂಗ್‌ನ ಕನ್ನಡಕದ ಮೇಲೆ ಒಂದು ದೊಡ್ಡ ಎಲೆ ಅಂಟಿಕೊಂಡಿತು. ಸೊಪ್ಪು ಮೈಮೇಲೆ ಬಿದ್ದವರಿಗೆ ವರ್ಷವಿಡೀ ಶುಭ. ಕೆಳಗಿನ ಜನವೆಲ್ಲ ಹೋ ಎಂದು ಕೂಗಿದರು. ಅವನು ಎಲೆ ತೆಗೆಯದೇ ಹಾಗೇ ನಗುತ್ತಾ ನಿಂತ.

ತಾಯಿಯನ್ನು ಪೀಠದ ಮೇಲೆ ಕೂರಿಸಿ ಆರತಿ ಮುಗಿಸುವ ಹೊತ್ತಿಗೆ ಸಂಜೆಯಾಗಿತ್ತು. ನನ್ನ ಅಂಗೈಯಲ್ಲಿ ಬೊಬ್ಬೆಗಳು ಬಂದು ಒಡೆದಿದ್ದವು. ಹೊರಗೆ ಬಂದರೆ, ಬೆಳಿಗ್ಗೆ ಬೀದಿಯ ತುದಿಯಲ್ಲಿ ನಿಂತಿದ್ದ ಪೊಲೀಸಿನವನು ಗುಡಿಯ ಮೆಟ್ಟಿಲ ಬಳಿ ಕಾಯುತ್ತಿದ್ದ. ನಾನು ಮೇಲಿನ ಮೆಟ್ಟಿಲಲ್ಲೇ ನಿಂತೆ. ಅವನು ಟೋಪಿ ತೆಗೆದು, ತನ್ನ ತಾಯಿಗೆ ಪಾರ್ಶ್ವವಾಯು, ಹಾಸಿಗೆಯಿಂದ ಏಳಲಾರರು, ಚಿಕ್ಕಂದಿನಲ್ಲಿ ನೋಡಿದ ಸಿಂಹದ ಮಾತನ್ನೇ ಯಾವಾಗಲೂ ಆಡುತ್ತಾರೆ, ಅದನ್ನು ಒಮ್ಮೆ ಮನೆಗೆ ಕರೆತರುತ್ತೀರಾ ಎಂದ. ಮನೆ ದೂರವಿಲ್ಲ, ಪೊಲೀಸರ ವಸತಿಯ ಹಿಂದಿನ ಗಲ್ಲಿ. ಸುಸ್ತಾಗಿರಬಹುದು, ಆಗದಿದ್ದರೆ ಬೇಡ ಎಂದ.

ಪಾರ್ನೋ ನೆಲದ ಮೇಲೆ ಉದ್ದಕ್ಕೆ ಮಲಗಿಬಿಟ್ಟಿದ್ದ. ವಿಜಿಗೆ ಮಾತಾಡುವ ಶಕ್ತಿಯೂ ಉಳಿದಿರಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು. ನಾನು ಲಿಯಾನಳ ಮುಖ ನೋಡಿದೆ. ಅವಳ ಕೂದಲು ಹಣೆಗೆ ಅಂಟಿತ್ತು, ಅಡುಗೆ ಬಟ್ಟೆಯೆಲ್ಲ ಬಂದರಿನ ಕೆಸರಾಗಿತ್ತು.

"ಏಳೋ ಬಾಲ" ಎಂದು ಅವಳು ಪಾರ್ನೋನ ಕಾಲಿಗೆ ಮೆಲ್ಲಗೆ ಒದ್ದಳು. "ಆ ತಾಯಿ ಎಷ್ಟು ವರ್ಷದಿಂದ ಕಾಯ್ತಿದ್ದಾಳೋ ಏನೋ." ಪೊಲೀಸಿನವನಿಗೆ, "ದಾರಿ ತೋರಿಸಪ್ಪ" ಎಂದಳು.

ಅವನು ಮುಂದೆ ನಡೆದ. ಅವನ ಹಿಂದೆ ಮೊದಲು ಹೊರಟವಳು ನನ್ನ ತಂಗಿ, ತಲೆಯೆತ್ತಿ, ತಾಳ ಬಡಿಯುತ್ತಾ. ದೀಪ ಹಚ್ಚುವ ಹೊತ್ತಿನ ಆ ಬೀದಿಯಲ್ಲಿ ಅವಳ ಜೊತೆ ಹೆಜ್ಜೆ ಹಾಕಲು ನಾವೆಲ್ಲ ಓಡಬೇಕಾಯಿತು.